12345654321: ಆರಕ್ಕೇರಿ ಇಳಿಯುವ ಸಂಖ್ಯೆ

12345654321 ಹನ್ನೊಂದು ಅಂಕಿಗಳ ಪೂರ್ಣಸಂಖ್ಯೆ. ಬಾಯಿಬಿಟ್ಟು ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ. ಆರು ಒಂದುಗಳನ್ನು ಸಾಲಾಗಿ ಬರೆದಾಗ ಸಿಗುವ 111111ರ ವರ್ಗ ಇದು. ಅಂಗಡಿಗಳ ಎಂಟು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಇದು ಹಿಡಿಸುವುದಿಲ್ಲ, ಹನ್ನೆರಡು ಅಂಕಿಯದರಲ್ಲಿ ಹಿಡಿಸುತ್ತದೆ. ಇಂದಿನ ಗಣಕಗಳು ಲಕ್ಷಗಟ್ಟಲೆ ಅಂಕಿಗಳ ಸಂಖ್ಯೆಗಳನ್ನು ಅರೆಯುವಾಗ ಇದನ್ನು ದೊಡ್ಡದೆನ್ನುವುದು ಕಷ್ಟ. ಆದರೆ ಇಷ್ಟು ಹಳೆಯ ದಾಖಲೆಯೂ ಇಷ್ಟು ಗುಣಗಳೂ ಒಟ್ಟಿಗಿರುವ ಸಂಖ್ಯೆಗಳು ವಿರಳ.

ದಾಖಲೆ ಸಿಗುವುದು ರಾಷ್ಟ್ರಕೂಟರ ಕಾಲದಲ್ಲಿ. ಜೈನ ಗಣಿತಜ್ಞ ಮಹಾವೀರಾಚಾರ್ಯ ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತ ಪದ್ಯಗಳಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಗ್ರಂಥದ ಆರಂಭದಲ್ಲಿ ಅವನು ಹೊಗಳುವ ಅರಸ ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ಅರಸನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಈಗ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು 1912ರಲ್ಲಿ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೆ ಮಹಾವೀರನ ಪರಿಚಯವಾಯಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದವುಳ್ಳ ಆವೃತ್ತಿ 2000ರಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಮಹಾವೀರ ಈ ಸಂಖ್ಯೆಯನ್ನು ತರುವುದು ಗುಣಾಕಾರದ ಅಭ್ಯಾಸಗಳ ನಡುವೆ. 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸಲು ಹೇಳುತ್ತಾನೆ. ಗುಣಿಸಿದರೆ 12345654321 ಬರುತ್ತದೆ. ಒಂದರಿಂದ ತೊಡಗಿ ಆರರ ತನಕ ಏರಿ, ಬಳಿಕ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂಬುದು ಅವನ ವರ್ಣನೆಯ ತಾತ್ಪರ್ಯ. ಹೀಗೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ಇದೇ ಸಾಲಿನಲ್ಲಿ ಇನ್ನೂ ಕೆಲವು ಹಾರಗಳಿವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111, 12345679ನ್ನು 9ರಿಂದ ಗುಣಿಸಿದರೆ 111111111, 14287143ನ್ನು 7ರಿಂದ ಗುಣಿಸಿದರೆ 100010001, 142857143ನ್ನು 7ರಿಂದಲೇ ಗುಣಿಸಿದರೆ 1000000001, 333333666667ನ್ನು 33ರಿಂದ ಗುಣಿಸಿದರೆ 11000011000011.

ಇವನ್ನು ಓದಿಕೊಳ್ಳುವುದೇ ಅಂದಿನ ವಿದ್ಯಾರ್ಥಿಗೆ ಒಂದು ಪರೀಕ್ಷೆ. ಪದ್ಯದಲ್ಲಿ ಅಂಕಿಗಳು ನೇರವಾಗಿ ಬರುವುದಿಲ್ಲ, ವಸ್ತುಗಳ ಹೆಸರಾಗಿ ಬರುತ್ತವೆ. ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು. ರತ್ನ ಎಂದರೆ ಬೇರೆಯವರಿಗೆ ಒಂಬತ್ತಾದೀತು, ಜೈನನಾದ ಮಹಾವೀರನಿಗೆ ಮೂರು. ಕರ್ಮ ಎಂದರೆ ಎಂಟು. ಅಂಕಿಗಳನ್ನು ಹೇಳುವುದು ಬಿಡಿಸ್ಥಾನದಿಂದ, ಅಂದರೆ ಬಲದಿಂದ ಎಡಕ್ಕೆ. ಎರಡೂ ಕಡೆಯಿಂದ ಒಂದೇ ಆದ ಸಂಖ್ಯೆಗೆ ಆ ತೊಡಕೂ ಇಲ್ಲ. ಸ್ಥಾನಗಳ ಹೆಸರುಗಳಲ್ಲಿಯೂ ಮಹಾವೀರ ಧಾರಾಳಿ. ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಅವನು ಹೆಸರಿಸುತ್ತಾನೆ. ಆ ಪಟ್ಟಿಯಲ್ಲಿ ಲಕ್ಷಸ್ಥಾನ ಆರನೆಯದು, ಅರ್ಬುದ ಹನ್ನೊಂದನೆಯದು. ನಮ್ಮ ಸಂಖ್ಯೆಯ ಶಿಖರವಾದ 6 ಕೂರುವುದು ಲಕ್ಷಸ್ಥಾನದಲ್ಲಿ, ಎಡತುದಿಯ 1 ಅರ್ಬುದದಲ್ಲಿ.

ಆಕಾರದ ರಹಸ್ಯ ಗುಣಾಕಾರದ ಲೆಕ್ಕವನ್ನು ಬರೆದು ನೋಡಿದರೆ ತಿಳಿದೀತು. 111111ನ್ನು 111111ರಿಂದ ಗುಣಿಸುವಾಗ ಅದೇ ಸಾಲನ್ನು ಆರು ಬಾರಿ, ಪ್ರತಿ ಬಾರಿ ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯಬೇಕು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಬೀಳುತ್ತದೆ, ಮುಂದಿನದರಲ್ಲಿ ಎರಡು, ಅದರ ಮುಂದಿನದರಲ್ಲಿ ಮೂರು. ಆರನೆಯ ಕಂಬಸಾಲಿನಲ್ಲಿ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುವುದರಿಂದ ಎಣಿಕೆ ಐದು, ನಾಲ್ಕು, ಮೂರು ಎಂದು ಇಳಿಯುತ್ತದೆ. ಯಾವ ಕಂಬಸಾಲಿನ ಮೊತ್ತವೂ ಒಂಬತ್ತನ್ನು ದಾಟುವುದಿಲ್ಲವಾಗಿ ಕೈಯಲ್ಲಿ ಏನೂ ಉಳಿಯುವುದಿಲ್ಲ, ಮೊತ್ತಗಳೇ ಅಂಕಿಗಳಾಗಿ ನಿಲ್ಲುತ್ತವೆ. ಅಂಕಿಗಳನ್ನೆಲ್ಲ ಕೂಡಿದರೆ 36, ಅಂದರೆ ಆರರ ವರ್ಗ. ಒಂಬತ್ತು ಒಂದುಗಳ ವರ್ಗ 12345678987654321ರ ತನಕ ಈ ಆಟ ನಡೆಯುತ್ತದೆ. ಹತ್ತು ಒಂದುಗಳಾದೊಡನೆ ನಡುವಿನ ಕಂಬಸಾಲು ಹತ್ತಾಗಿ, ಕೈಯಲ್ಲಿ ಒಂದು ಉಳಿದು, ಉತ್ತರ 1234567900987654321 ಎಂದು ನಡುವೆ ಮುರಿಯುತ್ತದೆ.

ವರ್ಗಸಂಖ್ಯೆಯ ಬಗ್ಗೆ ಮಹಾವೀರನಿಗೆ ತಿಳಿದಿದ್ದ ಇನ್ನೆರಡು ಸಂಗತಿಗಳು ಇಲ್ಲಿಗೂ ಸಲ್ಲುತ್ತವೆ. ಒಂದರಿಂದ ಶುರುವಾಗಿ ಎರಡೆರಡು ಹೆಚ್ಚುವ ಶ್ರೇಢಿಯ ಮೊತ್ತ ವರ್ಗವೇ ಆಗಿರುತ್ತದೆ: 1, 3, 5 ಎಂದು 222221ರವರೆಗಿನ ಬೆಸಸಂಖ್ಯೆಗಳನ್ನೆಲ್ಲ ಕೂಡಿದರೆ 12345654321. ಧನ, ಋಣ ಎರಡರ ವರ್ಗವೂ ಧನವೇ, ಆದ್ದರಿಂದ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದಿಟ್ಟವನೂ ಅವನೇ.

ಸಂಖ್ಯೆಯನ್ನು ಬಿಡಿಸಿ ನೋಡುವ ಕೆಲಸ ಅಪವರ್ತನಗಳಿಂದ ಮೊದಲಾಗುತ್ತದೆ. 111111 ಎಂದರೆ 111ನ್ನು 1001ರಿಂದ ಗುಣಿಸಿದ್ದು. 111 ಒಡೆದರೆ 3 ಮತ್ತು 37. 1001 ಒಡೆದರೆ 7, 11, 13. ಹೀಗಾಗಿ 12345654321ರಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ತಲಾ ಎರಡು ಸಲ ಕೂತಿವೆ. ಭಾಗಾಕಾರ ಮಾಡದೆಯೂ ಇದನ್ನು ಪರೀಕ್ಷಿಸಬಹುದು. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿದರೆ 321, 654, 345, 12 ಎಂಬ ನಾಲ್ಕು ತುಂಡುಗಳು. ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತ ಹೋದರೆ, 321ರಿಂದ 654 ಕಳೆದು, 345 ಕೂಡಿ, 12 ಕಳೆದರೆ ಉಳಿಯುವುದು ಸೊನ್ನೆ. ಅಲ್ಲಿಗೆ 1001, ಅಂದರೆ 7, 11, 13 ಮೂರೂ ಶೇಷವಿಲ್ಲದೆ ಭಾಗಿಸುತ್ತವೆ ಎಂದಾಯಿತು. ಅದೇ ತುಂಡುಗಳನ್ನು ಸುಮ್ಮನೆ ಕೂಡಿದರೆ 1332, ಅದು 37ರ ಮೂವತ್ತಾರರಷ್ಟು. ಆದ್ದರಿಂದ 37 ಕೂಡ ಭಾಗಿಸುತ್ತದೆ.

ಈಗ ಮಹಾವೀರನ ಲೆಕ್ಕಕ್ಕೆ ಮರಳಿದರೆ ಅದರ ಒಳಗುಟ್ಟು ಕಾಣುತ್ತದೆ. 441 ಎಂಬುದು 21ರ ವರ್ಗ, ಅದರಲ್ಲಿ 3 ಮತ್ತು 7 ಇವೆ. 27994681 ಎಂಬುದು 5291ರ ವರ್ಗ, ಅದರಲ್ಲಿ 11, 13, 37 ಇವೆ. ಐದು ಅವಿಭಾಜ್ಯಗಳನ್ನು ಎರಡು ಪಾಲು ಮಾಡಿ, ಪಾಲುಗಳ ಗುರುತು ಸಿಗದಂತೆ ಕೊಟ್ಟಿದ್ದಾನೆ. 27994681ರ ಮುಖದಲ್ಲಿ ಮುಂದೆ ಬರುವ ಸಮ್ಮಿತಿಯ ಸುಳಿವೇ ಇಲ್ಲ. ಗುಣಿಸುತ್ತ ಗುಣಿಸುತ್ತ ಯಾವಾಗ ಹಾರ ಮೂಡಬಹುದೆಂದು ಕಾಯುವ ಹುಡುಗನ ಕುತೂಹಲವನ್ನು ಗುರು ಚೆನ್ನಾಗಿ ಬಲ್ಲ. ಇಂಥ ಲೆಕ್ಕ ಕಟ್ಟುವವನು ಉತ್ತರದಿಂದ ಹಿಂದಕ್ಕೆ ನಡೆದಿರಲೇಬೇಕು.

ಉಳಿದ ಹಾರಗಳಲ್ಲೂ ಅದೇ ಬಳಗ ಮತ್ತೆ ಮತ್ತೆ ಎದುರಾಗುತ್ತದೆ. 12345679 ಒಡೆದರೆ 37 ಮತ್ತು 333667. 100010001ರಲ್ಲಿ 3, 7, 13, 37 ಇವೆ, ಜೊತೆಗೆ 9901. 1000000001ರಲ್ಲಿ 7, 11, 13ರ ಜೊತೆ 19 ಮತ್ತು 52579. ಗುಂಪಿಗೆ ಸೇರದ್ದು 15151 ಒಂದೇ, ಅದರ ಅಪವರ್ತನಗಳಾದ 139 ಮತ್ತು 109 ಎರಡೂ ಅವಿಭಾಜ್ಯ.

ಈ ಬಳಗವೇ ಏಕೆ? ಉತ್ತರ 999999ರಲ್ಲಿದೆ. ಹತ್ತರ ಆರನೆಯ ಘಾತದಿಂದ ಒಂದು ಕಳೆದರೆ ಬರುವ ಈ ಸಂಖ್ಯೆ 111111ರ ಒಂಬತ್ತರಷ್ಟು. ಇದನ್ನು ಭಾಗಿಸುವ ಅವಿಭಾಜ್ಯಗಳ ದಶಮಾಂಶ ಆರು ಅಂಕಿಗಳೊಳಗೆ ಮರುಕಳಿಸಲೇಬೇಕು. ಏಳನೆಯ ಒಂದು ಭಾಗ 0.142857142857 ಎಂದು ಆರಾರು ಅಂಕಿಗಳಾಗಿ, ಹದಿಮೂರನೆಯ ಒಂದು ಭಾಗ 0.076923076923 ಎಂದು ಆರಾರಾಗಿ, ಮೂವತ್ತೇಳನೆಯದು 0.027027 ಎಂದು ಮೂರು ಮೂರಾಗಿ, ಹನ್ನೊಂದನೆಯದು 0.0909 ಎಂದು ಎರಡೆರಡಾಗಿ ಆವರ್ತಿಸುತ್ತದೆ. ಮೂರನೆಯ ಒಂದು ಭಾಗಕ್ಕೆ ಒಂದೇ ಅಂಕಿ ಸಾಕು. 2 ಮತ್ತು 5ನ್ನು ಬಿಟ್ಟು ಯಾವುದೇ ಅವಿಭಾಜ್ಯದ ಆವರ್ತದ ಉದ್ದ ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸುತ್ತದೆ ಎಂಬುದು ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಪ್ರಮೇಯದಿಂದ ಹೊರಡುತ್ತದೆ. ಆರು ಅಂಕಿ, ಅಥವಾ ಆರನ್ನು ಭಾಗಿಸುವಷ್ಟು ಅಂಕಿಗಳ ಆವರ್ತವಿರುವ ಅವಿಭಾಜ್ಯಗಳು ಜಗತ್ತಿನಲ್ಲಿ ಇರುವುದೇ ಈ ಐದು. ಐದೂ ನಮ್ಮ ಸಂಖ್ಯೆಯೊಳಗೆ ಇವೆ, ಆರನೆಯದು ಇಲ್ಲ.

ಹಾಗಾದರೆ 1ನ್ನು 12345654321ರಿಂದಲೇ ಭಾಗಿಸಿದರೆ? ದಶಮಾಂಶ ಹೀಗೆ ಶುರುವಾಗುತ್ತದೆ: 0.000000 000081 000162 000243 000324 000405. ಆರಾರು ಅಂಕಿಗಳಾಗಿ ಬಿಡಿಸಿ ಬರೆದರೆ ಕಾಣುವುದು 81ರ ಮಗ್ಗಿ. ಎಂಬತ್ತೊಂದೊಂದಲ ಎಂಬತ್ತೊಂದು, ಎಂಬತ್ತೊಂದೆರಡಲ ನೂರ ಅರವತ್ತೆರಡು ಎಂದು ಅದು ಸಾಗುತ್ತದೆ. 81 ಬಂದದ್ದು ಒಂಬತ್ತರ ವರ್ಗದಿಂದ, ಮಗ್ಗಿ ಬಂದದ್ದು 999999ರ ವರ್ಗ ಛೇದದಲ್ಲಿರುವುದರಿಂದ. 12344ನೆಯ ಸಾಲಿನ 999864ರ ತನಕ ಮಗ್ಗಿಯಲ್ಲಿ ಒಂದು ತಪ್ಪೂ ಇಲ್ಲ. 12345ನೆಯ ಸಾಲು 999945 ಆಗಬೇಕಿತ್ತು, ಆದರೆ ಮುಂದಿನ ಸಾಲು ಹತ್ತು ಲಕ್ಷ ದಾಟಿ ಒಂದನ್ನು ಹಿಂದಕ್ಕೆ ತಳ್ಳುವುದರಿಂದ ಅಲ್ಲಿ 999946 ಕಾಣುತ್ತದೆ. ಅಲ್ಲಿಂದಾಚೆಗೆ ಮಗ್ಗಿ ಕಲಸಿಹೋದರೂ ನಿಯಮ ತಪ್ಪುವುದಿಲ್ಲ.

ಆವರ್ತದ ಪೂರ್ತಿ ಉದ್ದವನ್ನೂ ಲೆಕ್ಕ ಹಾಕಬಹುದು. ಏಳರ ಆವರ್ತ 6 ಆದರೆ ಏಳರ ವರ್ಗ 49ರ ಆವರ್ತ ಅದರ ಏಳರಷ್ಟು, 42. ಹಾಗೆಯೇ 121ಕ್ಕೆ 22, 169ಕ್ಕೆ 78, 1369ಕ್ಕೆ 111. ಒಂಬತ್ತು ಮಾತ್ರ ಈ ನಡೆಗೆ ಹೊರತು, ಅದರ ಆವರ್ತ ಒಂದೇ ಅಂಕಿ. ಇವೆಲ್ಲದರ ಲ.ಸಾ.ಅ. ತೆಗೆದರೆ 222222. ಅಂದರೆ 1ನ್ನು 111111ರ ವರ್ಗದಿಂದ ಭಾಗಿಸಿದಾಗ ಬರುವ ದಶಮಾಂಶ ಸರಿಯಾಗಿ 2,22,222 ಅಂಕಿಗಳಾದ ಮೇಲೆ ಮರುಕಳಿಸುತ್ತದೆ. ಉತ್ತರದಲ್ಲೂ ಒಂದೇ ಅಂಕಿಯ ಸಾಲು ಬಂದದ್ದು ಮೊದಲ ನೋಟಕ್ಕೆ ಪವಾಡವೆನಿಸಬಹುದು. 7, 11, 13, 37ರ ಗುಣಲಬ್ಧ 37037, ಅದರ ಆರರಷ್ಟು 222222 ಎಂದು ಬಿಡಿಸಿದರೆ ಪವಾಡ ಕರಗಿ ಲೆಕ್ಕ ಉಳಿಯುತ್ತದೆ.

ಭಾಜಕಗಳ ಕಡೆಗೆ ತಿರುಗಿದರೆ ಇನ್ನೊಂದು ಬಗೆಯ ಸ್ವಾರಸ್ಯ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಒಮ್ಮೆಯೂ ತೆಗೆದುಕೊಳ್ಳದೆ, ಒಮ್ಮೆ ತೆಗೆದುಕೊಂಡು, ಇಲ್ಲವೇ ಎರಡು ಬಾರಿ ತೆಗೆದುಕೊಂಡು ಭಾಜಕಗಳನ್ನು ಕಟ್ಟಬಹುದು. ಹೀಗೆ ಒಟ್ಟು 243 ಭಾಜಕಗಳು. ಅವನ್ನೆಲ್ಲ ಕೂಡಿದರೆ 25,37,55,24,993. ಸಂಖ್ಯೆಯನ್ನೇ ಅದರಿಂದ ಕಳೆದರೆ ಉಳಿಯುವ 13,02,98,70,672 ಮೂಲ ಸಂಖ್ಯೆಗಿಂತ 68 ಕೋಟಿಗೂ ಹೆಚ್ಚು. ತನ್ನ ಕಿರುಭಾಜಕಗಳ ಮೊತ್ತಕ್ಕಿಂತ ತಾನೇ ಚಿಕ್ಕದಾದ ಇಂಥ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಸಮಸಂಖ್ಯೆಗಳಲ್ಲಿ ಸಮೃದ್ಧಿ ಸುಲಭ, 12ರಿಂದಲೇ ಅದು ಆರಂಭ. ಬೆಸಸಂಖ್ಯೆಗಳಲ್ಲಿ ಅದು ಅಪರೂಪ, ಅತಿ ಚಿಕ್ಕದು 945. ಎರಡರ ನೆರವಿಲ್ಲದೆ ಬರಿಯ ಬೆಸ ಅವಿಭಾಜ್ಯಗಳಿಂದ ಸಮೃದ್ಧಿ ಗಳಿಸಿದವುಗಳಲ್ಲಿ ಮಹಾವೀರನ ಹಾರವೂ ಒಂದು.

ಗೆಲುವು ಮಾತ್ರ ಕೂದಲೆಳೆಯದು. 37ನ್ನು ಬದಿಗಿಟ್ಟು ಉಳಿದ ನಾಲ್ಕನ್ನೇ ಗುಣಿಸಿದರೆ 3003, ಅದರ ವರ್ಗ 90,18,009. ಇದರ ಭಾಜಕಗಳ ಮೊತ್ತ 1,80,35,199. ಸಂಖ್ಯೆಯ ಎರಡರಷ್ಟು 1,80,36,018. ಎರಡೂ ಸಮನಾಗಿದ್ದರೆ ಅದು ಬೆಸ ಪರಿಪೂರ್ಣ ಸಂಖ್ಯೆಯಾಗಿ, ಯುರೋಪಿನ ಗಣಿತಜ್ಞರು ಶತಮಾನಗಳಿಂದ ಹುಡುಕುತ್ತಿರುವ ನಿಧಿ ಸಿಕ್ಕಿಬಿಡುತ್ತಿತ್ತು. ಕೊರತೆ ಬರಿಯ 819. ಒಂದು ಕೋಟಿ ಎಂಬತ್ತು ಲಕ್ಷದ ಮುಂದೆ ಇದು ಲೆಕ್ಕಕ್ಕಿಲ್ಲದಷ್ಟು. ಆದರೂ ಇದು ಸಮನಾಗುವ ಸಾಧ್ಯತೆಯೇ ಇರಲಿಲ್ಲ. ಬೆಸಸಂಖ್ಯೆಯ ವರ್ಗಕ್ಕೆ ಭಾಜಕಗಳ ಎಣಿಕೆ ಬೆಸ, ಭಾಜಕಗಳೂ ಬೆಸ, ಆದ್ದರಿಂದ ಮೊತ್ತವೂ ಬೆಸ; ಸಂಖ್ಯೆಯ ಎರಡರಷ್ಟೋ ಸಮ. ಯಾವ ಬೆಸ ವರ್ಗವೂ ಪರಿಪೂರ್ಣವಾಗದು. ಬೆಸ ಪರಿಪೂರ್ಣ ಸಂಖ್ಯೆಯೊಂದು ಎಲ್ಲಾದರೂ ಇದ್ದರೆ ಅದು ಹತ್ತರ 1500ನೆಯ ಘಾತಕ್ಕಿಂತ ದೊಡ್ಡದಿರಬೇಕೆಂದು ಪಾಸ್ಕಲ್ ಒಷೆಮ್ ಮತ್ತು ಮೈಕೆಲ್ ರಾವ್ 2012ರಲ್ಲಿ ತೋರಿಸಿದ್ದಾರೆ. 3003ರ ವರ್ಗ ಅಷ್ಟು ಹತ್ತಿರ ಬಂದು ಕೈಕೊಟ್ಟಿತು, 37 ಸೇರಿದೊಡನೆ ತಕ್ಕಡಿ ಆಚೆಗೆ ವಾಲಿತು.

3003ಕ್ಕೆ ತನ್ನದೇ ಖ್ಯಾತಿಯೂ ಇದೆ. ಹದಿನಾಲ್ಕು ವಸ್ತುಗಳಲ್ಲಿ ಆರನ್ನು ಆರಿಸುವ ಬಗೆಗಳು 3003, ಹದಿನೈದರಲ್ಲಿ ಐದನ್ನು ಆರಿಸುವ ಬಗೆಗಳೂ 3003, ಎಪ್ಪತ್ತೆಂಟರಲ್ಲಿ ಎರಡನ್ನು ಆರಿಸುವ ಬಗೆಗಳೂ 3003. ಪಾಸ್ಕಲನ ತ್ರಿಭುಜದಲ್ಲಿ ಈ ಸಂಖ್ಯೆ ಎಂಟು ಸಲ ಕಾಣಿಸಿಕೊಳ್ಳುತ್ತದೆ. 1 ಎಂಬ ಸಂಖ್ಯೆಯನ್ನು ಬಿಟ್ಟರೆ ಅಷ್ಟು ಸಲ ಬರುವ ಬೇರೆ ಸಂಖ್ಯೆ ಈವರೆಗೆ ಸಿಕ್ಕಿಲ್ಲ. ವಸ್ತುಗಳನ್ನು ಆರಿಸುವ ಬಗೆಗಳನ್ನು ಎಣಿಸುವ ಸಾಮಾನ್ಯ ಸೂತ್ರ ‘ಗಣಿತಸಾರಸಂಗ್ರಹ’ದಲ್ಲಿ ಇದೆ.

ಮತ್ತೆ ನಮ್ಮ ಸಂಖ್ಯೆಗೆ ಬಂದರೆ, 12345654321ಕ್ಕಿಂತ ಚಿಕ್ಕದಾಗಿದ್ದು ಅದರೊಂದಿಗೆ ಒಂದಲ್ಲದೆ ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು 5,75,99,94,240. ಗಣಿತಜ್ಞ ಆಯ್ಲರ್ ರೂಢಿಗೆ ತಂದ ಈ ಎಣಿಕೆಯನ್ನು ಮೂಲ ಸಂಖ್ಯೆಯಿಂದ ಭಾಗಿಸಿದರೆ 0.466560466560 ಎಂದು ಆವರ್ತಿಸುತ್ತದೆ. 46656 ಎಂಬುದು ಆರರ ಆರನೆಯ ಘಾತ. ಆರು ಒಂದುಗಳ ಸಂಖ್ಯೆಯಲ್ಲಿ ಇದು ಕಾಣಿಸಿದ್ದು ಬರಿಯ ಕಾಕತಾಳೀಯ, ಇದಕ್ಕೆ ಆಳವಾದ ಕಾರಣ ಹುಡುಕುವ ಅಗತ್ಯವಿಲ್ಲ.

ಕಾಕತಾಳೀಯವಲ್ಲದ್ದು ಆಯತಗಳ ಕಥೆ. ‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತದ ಭಾಗದಲ್ಲಿ ಮಹಾವೀರ ‘ಬೀಜ’ ಎಂಬ ಎರಡು ಸಂಖ್ಯೆಗಳಿಂದ ಆಯತವನ್ನು ಹುಟ್ಟಿಸುವ ಕ್ರಮ ಹೇಳುತ್ತಾನೆ. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಬೀಜಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ಕರ್ಣ. 3 ಮತ್ತು 2 ಬೀಜಗಳಾದರೆ 5, 12, 13. ಮುಂದೆ ಕರ್ಣವನ್ನೇ ಕೊಟ್ಟು ಬಾಹುಗಳನ್ನು ಕೇಳುತ್ತಾನೆ. ಕರ್ಣ 65 ಇರುವ ನಾಲ್ಕು ಆಯತಗಳನ್ನು ಅವನು ಕಂಡುಹಿಡಿದ: 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಪೂರ್ಣಸಂಖ್ಯೆಗಳಲ್ಲಿ ಐದನೆಯದು ಸಿಗುವುದಿಲ್ಲ.

ನಾಲ್ಕೇ ಏಕೆಂಬುದನ್ನು ಇಂದಿನ ಸಂಖ್ಯಾಸಿದ್ಧಾಂತ ವಿವರಿಸುತ್ತದೆ. ಬೆಸ ಅವಿಭಾಜ್ಯಗಳಲ್ಲಿ ನಾಲ್ಕರಿಂದ ಭಾಗಿಸಿದಾಗ 1 ಶೇಷ ಉಳಿಸುವವು ಮಾತ್ರ ಎರಡು ವರ್ಗಗಳ ಮೊತ್ತವಾಗಿ ಒಡೆಯುತ್ತವೆ, 3 ಶೇಷ ಉಳಿಸುವವು ಒಡೆಯುವುದಿಲ್ಲ. 65ರಲ್ಲಿರುವ 5 ಮತ್ತು 13 ಮೊದಲ ಜಾತಿಯವು. ಅಂಥ ಎರಡು ಬೇರೆ ಬೇರೆ ಅವಿಭಾಜ್ಯಗಳು ತಲಾ ಒಮ್ಮೆ ಕರ್ಣದಲ್ಲಿದ್ದರೆ ಆಯತಗಳು ನಾಲ್ಕು. ಇನ್ನು 111111ನ್ನು ನೋಡಿದರೆ, 3, 7, 11 ಮೂರೂ ಎರಡನೆಯ ಜಾತಿಯವು. ಒಡೆಯುವವು 13 ಮತ್ತು 37 ಎರಡೇ. ಆದ್ದರಿಂದ 111111 ಕರ್ಣವಾಗಿರುವ ಆಯತಗಳೂ ಸರಿಯಾಗಿ ನಾಲ್ಕು. 13 ಮತ್ತು 37ರ ಗುಣಲಬ್ಧ 481. ಮಹಾವೀರನ ಕ್ರಮದಂತೆ 20 ಮತ್ತು 9 ಬೀಜಗಳಾದರೆ ಬಾಹುಗಳು 319 ಮತ್ತು 360, ಕರ್ಣ 481. 16 ಮತ್ತು 15 ಬೀಜಗಳಾದರೆ 31 ಮತ್ತು 480, ಕರ್ಣ ಮತ್ತೆ 481. ಇವನ್ನು 231ರಿಂದ ಹಿಗ್ಗಿಸಿದರೆ 73689 ಮತ್ತು 83160, 7161 ಮತ್ತು 110880 ಎಂಬ ಎರಡು ಆಯತಗಳು. 5, 12, 13ರ ಆಯತವನ್ನು ಹಿಗ್ಗಿಸಿದರೆ 42735 ಮತ್ತು 102564. ಕೊನೆಯದು 6 ಮತ್ತು 1 ಎಂಬ ಬೀಜಗಳಿಂದ ಹುಟ್ಟುವ 35, 12, 37ರ ಹಿಗ್ಗಿದ ರೂಪ: ಬಾಹುಗಳು 105105 ಮತ್ತು 36036. ಮೊದಲನೆಯದರ ವರ್ಗ 11047061025, ಎರಡನೆಯದರ ವರ್ಗ 1298593296; ಕೂಡಿದರೆ 12345654321. ಈ ಲೆಕ್ಕ ಗ್ರಂಥದಲ್ಲಿಲ್ಲ. ಆದರೆ ಅದರಲ್ಲಿನ ಹಾರವನ್ನು ಅದರಲ್ಲಿನ ಬೀಜಗಳಿಂದಲೇ ಬಿಡಿಸಲು ಬರುತ್ತದೆ.

ಸಾವಿರ ವರ್ಷಗಳ ಮೇಲೆ ಇದೇ ಸಂಖ್ಯೆ ಇನ್ನೊಬ್ಬರ ಕಣ್ಣಿಗೆ ಬಿತ್ತು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) 1, 121, 12321, 1234321 ಎಂದು ಬೆಳೆಯುವ ಸಂಖ್ಯೆಗಳನ್ನು ‘ಡೆಮ್ಲೋ ಸಂಖ್ಯೆ’ಗಳ ಸಾಲಿಗೆ ಸೇರಿಸಿದರು. ಡೆಮ್ಲೋ ಎಂಬುದು ಮುಂಬಯಿಗೆ ಮೂವತ್ತು ಮೈಲಿ ದೂರದ ರೈಲ್ವೆ ನಿಲ್ದಾಣ, ಈಗಿನ ಡೊಂಬಿವಲಿ. ಈ ಸಂಖ್ಯೆಗಳ ಯೋಚನೆ ಹೊಳೆದದ್ದು ಅಲ್ಲಿ ಎಂಬ ಕಾರಣಕ್ಕೆ ಅವರು ನಿಲ್ದಾಣದ ಹೆಸರನ್ನೇ ಇಟ್ಟರು. 12345654321 ಈ ಸಾಲಿನಲ್ಲಿ ಆರನೆಯದು. ವಿಶ್ವವಿದ್ಯಾಲಯಗಳ ಗಣಿತಜ್ಞರಲ್ಲಿ ಹಲವರು ಕಾಪ್ರೇಕರ್ ಅವರನ್ನು ಅಷ್ಟಾಗಿ ಗಣಿಸಲಿಲ್ಲ. ಅಮೆರಿಕದ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ದೂರ ಹಬ್ಬಿತು.

ಕಾಪ್ರೇಕರ್ ಹೆಸರಿನಲ್ಲಿಯೇ ಇರುವ ಇನ್ನೊಂದು ಸಂಖ್ಯೆಗಳ ಗುಂಪಿನಿಂದ ನಮ್ಮ ಸಂಖ್ಯೆಯ ವರ್ಗಮೂಲ 111111 ಸ್ವಲ್ಪದರಲ್ಲಿ ಹೊರಗುಳಿಯುತ್ತದೆ. ಒಂದು ಸಂಖ್ಯೆಯ ವರ್ಗವನ್ನು ಎರಡು ತುಂಡು ಮಾಡಿ ಕೂಡಿದಾಗ ಮೂಲ ಸಂಖ್ಯೆಯೇ ಬಂದರೆ ಅದು ಕಾಪ್ರೇಕರ್ ಸಂಖ್ಯೆ. 142857ರ ವರ್ಗ 20408122449. 20408ಕ್ಕೆ 122449 ಕೂಡಿದರೆ ಮತ್ತೆ 142857. ಅದೇ ರೀತಿ 111111ರ ವರ್ಗವನ್ನು ಕತ್ತರಿಸಿ 12345ಕ್ಕೆ 654321 ಕೂಡಿದರೆ ಬರುವುದು 666666. ಮೂಲ ಸಂಖ್ಯೆಯಲ್ಲ, ಅದರ ಆರರಷ್ಟು. ಹತ್ತರ ಆರನೆಯ ಘಾತವನ್ನು 111111ರಿಂದ ಭಾಗಿಸಿದಾಗ 1 ಉಳಿಯುವುದರಿಂದ ತುಂಡುಗಳ ಮೊತ್ತ 111111ರ ಅಪವರ್ತ್ಯ ಆಗಲೇಬೇಕಿತ್ತು.

ಒಂದುಗಳ ಸಾಲಿನಂಥ 11, 111, 1111 ಸಂಖ್ಯೆಗಳಿಗೆ ರೆಪ್ಯುನಿಟ್ ಎಂಬ ಹೆಸರನ್ನು 1960ರ ದಶಕದಲ್ಲಿ ಆಲ್ಬರ್ಟ್ ಬೈಲರ್ ಕೊಟ್ಟರು. 1ನ್ನು ಬಿಟ್ಟರೆ ಇವುಗಳಲ್ಲಿ ಯಾವುದೂ ತಾನೇ ವರ್ಗವಲ್ಲ: 11ರಲ್ಲಿ ಕೊನೆಗೊಳ್ಳುವ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ 3 ಉಳಿಯುತ್ತದೆ, ವರ್ಗಗಳಿಗೆ ಅಂಥ ಶೇಷವಿಲ್ಲ. ಇವುಗಳಲ್ಲಿ ಅವಿಭಾಜ್ಯಗಳು ವಿರಳ. 2, 19, 23, 317 ಮತ್ತು 1031 ಒಂದುಗಳಿರುವವು ಅವಿಭಾಜ್ಯ. 1031ರದನ್ನು ಹ್ಯೂ ವಿಲಿಯಮ್ಸ್ ಮತ್ತು ಹಾರ್ವಿ ಡಬ್ನರ್ 1986ರಲ್ಲಿ ಪ್ರಕಟಿಸಿದರು. ಒಂದುಗಳ ಎಣಿಕೆಯೇ ಅವಿಭಾಜ್ಯವಲ್ಲದಿದ್ದರೆ ಸಂಖ್ಯೆ ಒಡೆಯುವುದು ಖಚಿತ. 6 ಎಂಬುದು 2 ಮತ್ತು 3ರಿಂದ ಒಡೆಯುವುದರಿಂದಲೇ 111111ಕ್ಕೆ 11, 111, 1001, 10101 ಎಂಬ ಸುಂದರ ಭಾಜಕಗಳೆಲ್ಲ ದಕ್ಕಿವೆ.

ಕೊನೆಗೆ, ಇವುಗಳಲ್ಲಿ ಎಷ್ಟು ಗುಣಗಳು ಸಂಖ್ಯೆಯವು, ಎಷ್ಟು ಬರವಣಿಗೆಯವು ಎಂಬ ಪ್ರಶ್ನೆ ಉಳಿಯುತ್ತದೆ. 243 ಭಾಜಕಗಳು, ಸಮೃದ್ಧಿ, ನಾಲ್ಕು ಆಯತಗಳು ಸಂಖ್ಯೆಗೇ ಸೇರಿದವು. ಅದನ್ನು ಗಣಕಗಳ ದ್ವಿಮಾನ ಪದ್ಧತಿಯಲ್ಲಿ 34 ಅಂಕಿಗಳಾಗಿ ಬರೆದರೂ ಅವು ಬದಲಾಗುವುದಿಲ್ಲ. ಏರಿಳಿತದ ಆಕಾರ, 81ರ ಮಗ್ಗಿ, 222222ರ ಆವರ್ತ ಹತ್ತರ ಪದ್ಧತಿಯಿಂದ ಬಂದವು. ಏಳರ ಪದ್ಧತಿಯಲ್ಲಿ 12345654321 ಎಂದು ಅದೇ ಅಂಕಿಗಳನ್ನು ಬರೆದರೆ ಏರಿಳಿತವೂ ಇರುತ್ತದೆ, 111111ರ ವರ್ಗವೆಂಬುದೂ ನಿಜವಾಗಿರುತ್ತದೆ. ಆದರೆ ಅಲ್ಲಿ 111111 ಎಂದರೆ ನಮ್ಮ 19608, ಅದರ ವರ್ಗ 38,44,73,664. ಅದರೊಳಗೆ 7, 11, 13, 37 ಯಾವುದೂ ಇಲ್ಲ. 2, 3, 19, 43 ಬಂದು ಕೂತಿರುತ್ತವೆ. ಆರರ ಪದ್ಧತಿಗಿಳಿದರೆ 6 ಎಂಬ ಅಂಕಿಯೇ ಇಲ್ಲ. ಅಲ್ಲಿ ಆರು ಒಂದುಗಳ ವರ್ಗ 12350054321 ಎಂದು ನಡುವೆ ಮುರಿಯುತ್ತದೆ, ಹತ್ತರ ಪದ್ಧತಿಯಲ್ಲಿ ಹತ್ತು ಒಂದುಗಳ ವರ್ಗ ಎರಡು ಸೊನ್ನೆಗಳೊಂದಿಗೆ ಮುರಿದ ರೀತಿಯಲ್ಲಿಯೇ.